ಅಲಾರಂ ಇಟ್ಟವನೂ ಏಳಬೇಕಾದವನೂ

ಬೆಳಿಗ್ಗೆ ಐದಕ್ಕೆ ಏಳಬೇಕೆಂಬ ತೀರ್ಮಾನವನ್ನು ಮನುಷ್ಯ ಯಾವಾಗಲೂ ರಾತ್ರಿ ಹನ್ನೊಂದರ ಮೇಲೆಯೇ ಮಾಡುತ್ತಾನೆ. ಹೊಟ್ಟೆ ತುಂಬಿರುತ್ತದೆ, ಹಾಸಿಗೆ ಹಾಸಿರುತ್ತದೆ, ಐದಕ್ಕೆ ಎದ್ದು ತಣ್ಣೀರಿನಲ್ಲಿ ಮುಳುಗಿ ಬದುಕನ್ನೇ ಬದಲಾಯಿಸಿಕೊಂಡ ಕತೆಯನ್ನು ಯಾರೋ ಒಬ್ಬ ಗಡ್ಡದ ಯುವಕ ಮೊಬೈಲಿನಲ್ಲಿ ಹೇಳಿ ಮುಗಿಸಿರುತ್ತಾನೆ. ಆ ಹೊತ್ತಿನಲ್ಲಿ ಅಸಾಧ್ಯ ಅನ್ನುವುದು ಯಾವುದೂ ಕಾಣುವುದಿಲ್ಲ. ವಾಕಿಂಗು, ಪ್ರಾಣಾಯಾಮ, ದಿನಕ್ಕೆ ಹತ್ತು ಪುಟ ಓದು, ಅರ್ಧಕ್ಕೆ ಬಿಟ್ಟ ಸಂಗೀತಪಾಠ, ಎಲ್ಲವೂ ನಾಳೆಯಿಂದಲೇ. ತೊಂದರೆ ಏನೆಂದರೆ ಅಲಾರಂ ಇಟ್ಟವನೇ ಬೇರೆ, ಏಳಬೇಕಾದವನೇ ಬೇರೆ. ರಾತ್ರಿಯವನು ವಿಧಾನಸೌಧದಲ್ಲಿ ಕುಳಿತು ಆದೇಶ ಹೊರಡಿಸುವ ಕಾರ್ಯದರ್ಶಿ. ಬೆಳಗಿನವನು ಅದನ್ನು ಜಾರಿಗೆ ತರಬೇಕಾದ ಹಳ್ಳಿಯ ಗ್ರಾಮಲೆಕ್ಕಿಗ. ಆದೇಶ ಅವನ ಕೈಸೇರಿರುತ್ತದೆ, ಓದಿಯೂ ಇರುತ್ತಾನೆ. 'ಪರಿಶೀಲನೆಯಲ್ಲಿದೆ' ಎಂದು ಷರಾ ಬರೆದು ಮಗ್ಗುಲಾಗುತ್ತಾನೆ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತ ಗಾದೆ ಕಟ್ಟಿದವರು ಅಗಸನೊಬ್ಬನನ್ನೇ ನೋಡಿ ಕಟ್ಟಿರಲಾರರು. ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಹಳೆಯ ಡೈರಿಗಳ ಒಂದು ಕಟ್ಟಿದೆ. ಬ್ಯಾಂಕಿನವರೋ ವಿಮೆಯವರೋ ವರ್ಷಾರಂಭದಲ್ಲಿ ಕೊಡುತ್ತಿದ್ದ, ಕಂದು ರಟ್ಟಿನ, ಹೊಸ ಪುಟಗಳಿಗೆ ಒಂದು ವಾಸನೆ ಇರುತ್ತಿದ್ದಂಥ ಡೈರಿಗಳು. ಒಂದನ್ನು ತೆಗೆದು ನೋಡಿ. ಜನವರಿ 1: 'ಐದಕ್ಕೆ ಎದ್ದೆ. ಧ್ಯಾನ. ಮನಸ್ಸು ಪ್ರಶಾಂತ.' ಜನವರಿ 4: 'ಎದ್ದೆ.' ಆಮೇಲೆ ಸಂಕ್ರಾಂತಿಯ ತನಕ ಖಾಲಿ ಪುಟಗಳು. ಸಂಕ್ರಾಂತಿ ಕಳೆದ ಮೇಲೆ ಅಕ್ಷರವೇ ಬೇರೆ, ಅದು ಅತ್ತೆಯದು. 'ಹಾಲು ಒಂದು ಲೀಟರು. ನೆಂಟರು, ಅರ್ಧ ಹೆಚ್ಚು. ಇವತ್ತು ಹಾಲು ಬರಲಿಲ್ಲ.' ಈ ದಾಖಲೆ ಮಾತ್ರ ಒಂದು ದಿನವೂ ತಪ್ಪದೆ ಡಿಸೆಂಬರ್ 31ರ ತನಕ ನಡೆದಿದೆ. ಅತ್ತೆಗೆ ಮಾವನಿಗಿಂತ ಹೆಚ್ಚಿನ ಸ್ಫೂರ್ತಿ ಎಲ್ಲಿಂದಲೋ ಬಂದಿತ್ತು ಎಂದೇನಲ್ಲ. ಮಾವನ ಧ್ಯಾನದ ಲೆಕ್ಕ ಕೇಳುವವರು ಯಾರೂ ಇರಲಿಲ್ಲ. ಹಾಲಿನವಳು ತಿಂಗಳ ಮೊದಲ ವಾರ ತನ್ನ ಲೆಕ್ಕದ ಚೀಟಿ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

ತನ್ನ ಲೆಕ್ಕವನ್ನು ತಾನೇ ಇಡುತ್ತೇನೆ ಎಂದು ಹೊರಟವರೂ ಇದ್ದಾರೆ ಅನ್ನಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹರೆಯದಲ್ಲಿ ಪರಿಪೂರ್ಣನಾಗಬೇಕೆಂದು ಹಟ ತೊಟ್ಟು ಮಿತಭೋಜನ, ಮೌನ, ಶಿಸ್ತು, ಮಿತವ್ಯಯ ಎಂದು ಹನ್ನೆರಡು ಸದ್ಗುಣಗಳ ಪಟ್ಟಿ ಮಾಡಿದ. ಪರಿಚಯದ ಒಬ್ಬ ಕ್ವೇಕರ್ 'ಅಯ್ಯಾ, ನಿನಗೆ ಜಂಬ ಜಾಸ್ತಿ ಎಂದು ಜನ ಆಡಿಕೊಳ್ಳುತ್ತಾರೆ' ಎಂದು ತಿಳಿಸಿದ ಮೇಲೆ ವಿನಯವನ್ನೂ ಸೇರಿಸಿ ಹದಿಮೂರು ಮಾಡಿಕೊಂಡ. ವಾರಕ್ಕೊಂದು ಗುಣ, ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತಪ್ಪಿದ ದಿನ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಪುಸ್ತಕವೇ ತೂತುಬಿದ್ದು ಹೋಯಿತಂತೆ. ಕೊನೆಗೆ ಒರೆಸಿದರೆ ಹೋಗುವ ದಂತದ ಹಾಳೆಗಳಿಗೆ ಪಟ್ಟಿಯನ್ನು ಇಳಿಸಿಕೊಂಡ. ವಸ್ತುಗಳನ್ನು ಆಯಾ ಜಾಗದಲ್ಲಿಡುವ ಶಿಸ್ತು ಮಾತ್ರ ಕಡೆತನಕ ಕೈಗೆ ಹತ್ತಲಿಲ್ಲ ಎಂದು ಆತ್ಮಕತೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಕನ್ನಡಕ ಎಲ್ಲಿಟ್ಟೆ ಎಂದು ದಿನಾ ಹುಡುಕುವ ನನಗೆ ಆ ಪುಟ ಬಹಳ ಸಮಾಧಾನ ಕೊಟ್ಟಿತು.

ಈಗಿನವರು ಚುಕ್ಕೆ ಇಡುವುದಿಲ್ಲ, ಇಪ್ಪತ್ತೊಂದು ದಿನ ಅನ್ನುತ್ತಾರೆ. ಯಾವ ಕೆಲಸವನ್ನಾದರೂ ಇಪ್ಪತ್ತೊಂದು ದಿನ ಮಾಡಿಬಿಡಿ, ಆಮೇಲೆ ಅದೇ ನಿಮ್ಮನ್ನು ಮಾಡಿಸುತ್ತದೆ ಎಂದು ಕಂಪನಿಗಳ ತರಬೇತಿಯಲ್ಲಿ ಮೈಕು ಹಿಡಿದು ಹೇಳುತ್ತಾರೆ. ಈ ಲೆಕ್ಕ ಹುಟ್ಟಿದ್ದು ಎಲ್ಲಿ ಎಂದು ಹುಡುಕಿಕೊಂಡು ಹೋದರೆ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಸಿಗುತ್ತಾನೆ. 1960ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಬರೆದದ್ದು, ಮೂಗು ತಿದ್ದಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಇಪ್ಪತ್ತೊಂದು ದಿನವಾದರೂ ಹಿಡಿಯುತ್ತದೆ ಎಂದು. ಬಾಯಿಂದ ಬಾಯಿಗೆ ಹೋಗುವಾಗ 'ಕನಿಷ್ಠ' ಉದುರಿತು, ಮೂಗೂ ಉದುರಿತು, ಇಪ್ಪತ್ತೊಂದು ಉಳಿಯಿತು. ನಮ್ಮಲ್ಲಿಯೂ ಅದಕ್ಕೆ ಒಳ್ಳೆಯ ಸ್ವಾಗತ ಸಿಕ್ಕಿರಬೇಕು. ಗಣಪತಿಗೆ ಇಪ್ಪತ್ತೊಂದು ಗರಿಕೆ, ಇಪ್ಪತ್ತೊಂದು ಕಡುಬು ಇಟ್ಟು ರೂಢಿಯಾದವರು ನಾವು.

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. ತೊಂಬತ್ತಾರು ಜನರಿಗೆ ತಮಗೆ ಬೇಕಾದ ಒಂದು ಹೊಸ ಅಭ್ಯಾಸವನ್ನು ಆರಿಸಿಕೊಳ್ಳಲು ಹೇಳಿ ಹನ್ನೆರಡು ವಾರ ಗಮನಿಸಿದರು. ತಾನೇತಾನಾಗಿ ಕೈ ಹೋಗುವ ಹಂತ ಮುಟ್ಟಲು ಒಬ್ಬರಿಗೆ 18 ದಿನ ಸಾಕಾಯಿತು. ಇನ್ನೊಬ್ಬರ ಲೆಕ್ಕವನ್ನು ಮುಂದುವರಿಸಿ ನೋಡಿದರೆ 254ಕ್ಕೆ ಹೋಗುತ್ತಿತ್ತು. ನಡುವಿನ ಅಂಕಿ 66. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಹತ್ತಿತು, ಬಸ್ಕಿಯಂಥ ಮೈಬಗ್ಗಿಸುವ ಕೆಲಸಗಳು ಎಳೆದಾಡಿದವು. 2010ರ ಈ ವರದಿಯಲ್ಲಿ ನನಗೆ ಬಹಳ ಹಿಡಿಸಿದ ಮಾತು ಬೇರೆ ಇದೆ: ನಡುವೆ ಒಂದು ದಿನ ತಪ್ಪಿಹೋದರೆ ಹೇಳಿಕೊಳ್ಳುವಂಥ ನಷ್ಟವೇನಿಲ್ಲ. 1890ರಲ್ಲಿ ವಿಲಿಯಂ ಜೇಮ್ಸ್ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ, ಹೊಸ ಅಭ್ಯಾಸ ಬೇರೂರುವ ತನಕ ಒಂದೇ ಒಂದು ಸಲವೂ ವಿನಾಯಿತಿ ಕೊಡಕೂಡದು ಎಂದು ಬೆತ್ತ ಹಿಡಿದು ಹೇಳಿದ್ದ. ನೂರಿಪ್ಪತ್ತು ವರ್ಷದ ನಂತರ ನಮಗೆ ಒಂದು ದಿನದ ರಜೆ ಮಂಜೂರಾಯಿತು. ಒಂದು ದಿನ ತಪ್ಪಿತು ಅಂತ ಇಡೀ ವರ್ಷವನ್ನೇ ಕೈಬಿಡುವವರು ನಮ್ಮಲ್ಲಿ ಕಡಿಮೆಯೇ?

ಇದೆಲ್ಲ ಸರಿ. ಆದರೆ ನಮ್ಮ ಆಟೋ ಸ್ಟ್ಯಾಂಡಿನಲ್ಲಿ ನಲವತ್ತೊಂದು ದಿನ ನಡೆಯುವ ಪ್ರಯೋಗದ ಮುಂದೆ ಲಂಡನ್ನಿನದು ಚಿಕ್ಕದು ಎಂದೇ ನನ್ನ ಎಣಿಕೆ. ನವೆಂಬರ್ ಮಧ್ಯದಲ್ಲಿ ವೃಶ್ಚಿಕ ಮಾಸ ಹುಟ್ಟಿತೆಂದರೆ ಅಲ್ಲಿಯ ಅರ್ಧಕ್ಕರ್ಧ ಜನ ಅಯ್ಯಪ್ಪನ ಮಾಲೆ ಧರಿಸುತ್ತಾರೆ. ಕೊರಳಲ್ಲಿ ತುಳಸಿಯದೋ ರುದ್ರಾಕ್ಷಿಯದೋ ಮಾಲೆ, ಕಪ್ಪು ಪಂಚೆ, ಹೆಗಲ ಮೇಲೆ ಕಪ್ಪು ಟವೆಲ್, ಬರಿಗಾಲು. ಬೆಳಗಿನ ಚಳಿಯಲ್ಲಿ ತಣ್ಣೀರು ಸ್ನಾನ, ಸಂಜೆ ಚಪ್ಪರದಲ್ಲಿ ಭಜನೆ. ಹೆಂಡವಿಲ್ಲ, ಮಾಂಸವಿಲ್ಲ, ಬೀಡಿಯಿಲ್ಲ, ಬೈಗುಳವೂ ಇಲ್ಲ. ಹಿಂದಿನ ದಿನದ ತನಕ ಸಂಜೆ ಏಳಾದರೆ ಕೈ ನಡುಗುತ್ತಿದ್ದ ಮನುಷ್ಯ ಮೀಟರಿಗಿಂತ ಒಂದು ರೂಪಾಯಿ ಹೆಚ್ಚು ಕೇಳದೆ, ಚಿಲ್ಲರೆಯನ್ನು ಎರಡೂ ಕೈಯಲ್ಲಿ ಹಿಂತಿರುಗಿಸುತ್ತಾನೆ. ಇಂಥ ಬದಲಾವಣೆ ತರುವ ತರಬೇತುದಾರ ಯಾರಾದರೂ ಇದ್ದರೆ ಅವನ ಗಂಟೆಯ ಫೀಸು ಎಷ್ಟಾಗುತ್ತಿತ್ತೋ.

ಜನವರಿ ಕೊನೆಯಲ್ಲಿ ಒಂದು ಸಂಜೆ ಅವರಲ್ಲೊಬ್ಬನ ಆಟೋ ಹತ್ತಿದೆ. ಪ್ಯಾಂಟು ಶರ್ಟು ವಾಪಸು ಬಂದಿತ್ತು; ಜೊತೆಗೆ ಆ ವಾಸನೆಯೂ. ತಡೆಯಲಾರದೆ ಕೇಳಿದೆ: 'ಅಲ್ಲಪ್ಪ, ಅಷ್ಟು ದಿನ ಬಿಟ್ಟಿದ್ದೋನಿಗೆ ಇನ್ನೊಂದು ದಿನ ಬಿಡೋದು ಏನು ಕಷ್ಟ?'

ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ. 'ಸಾರ್, ಮಾಲೆ ಹಾಕ್ದಾಗ ಎಲ್ರೂ ಸ್ವಾಮಿ ಸ್ವಾಮಿ ಅಂತಿದ್ರು. ಪೊಲೀಸ್ನೋರು ಕೂಡ, ಸ್ವಾಮಿ ಸ್ವಲ್ಪ ಮುಂದಕ್ಕೆ ನಿಲ್ಲಿಸ್ಕೊಳ್ಳಿ ಅಂತಿದ್ರು. ಮನೇಲಿ ನಮ್ ಹುಡ್ಗೀನೂ ಸ್ವಾಮಿ ಅಂತಿದ್ಲು. ಮಾಲೆ ತೆಗ್ದ ಮಾರ್ನೇ ದಿನದಿಂದ ಮತ್ತೆ ಏಯ್ ಆಟೋ, ಬರ್ತೀಯಾ?'

ಬೇಕಾದಷ್ಟು ಪುಸ್ತಕಗಳು ಮನೋಬಲ ಎಂದು ಕರೆಯುವ ವಸ್ತು ಆ ಮನುಷ್ಯನ ಒಳಗೆ ಇರಲಿಲ್ಲ ಎಂದು ಹೇಳಲು ನಾನು ಸಿದ್ಧನಿಲ್ಲ. ಇತ್ತು, ಆದರೆ ಅದರ ಮುಕ್ಕಾಲು ಪಾಲು ಅವನ ಸುತ್ತ ಇದ್ದವರ ಬಾಯಲ್ಲಿತ್ತು. ಅವರು ಕರೆಯುವುದನ್ನು ನಿಲ್ಲಿಸಿದರು, ಇವನು ಇಳಿದುಬಿಟ್ಟ. ಅವನದು ತಪ್ಪೇ ಇಲ್ಲ ಎನ್ನಲಾರೆ. ನಮ್ಮದು ಮಾತ್ರ ಖಂಡಿತ ಇದೆ. ಮಾಲೆಯಿಲ್ಲದ ದಿನಗಳಲ್ಲಿ ಅವನನ್ನು 'ಅಣ್ಣಾ' ಎನ್ನಲು ನಮಗೇನು ಖರ್ಚಿತ್ತು?

ಚಾತುರ್ಮಾಸ್ಯ ಹಿಡಿಯುವ ಮಾಧ್ವರ ಅಡುಗೆಮನೆಯಲ್ಲೂ ಇದೇ ಒಳಗುಟ್ಟು. ಆಷಾಢದಿಂದ ಕಾರ್ತಿಕದ ತನಕ ನಾಲ್ಕು ತಿಂಗಳು, ತಿಂಗಳಿಗೊಂದು ನಿಷೇಧ: ಮೊದಲು ಶಾಕವ್ರತ, ತರಕಾರಿ ಇಲ್ಲ, ಆಮೇಲೆ ದಧಿವ್ರತ, ಮೊಸರು ಇಲ್ಲ, ಮೂರನೆಯದು ಕ್ಷೀರವ್ರತ, ಹಾಲಿಲ್ಲ, ಕೊನೆಗೆ ದ್ವಿದಳ, ಬೇಳೆಕಾಳು ಇಲ್ಲ. ಡಯಟಿಂಗ್ ಮಾಡುವವರು ಆರು ತಿಂಗಳು ಒಂದೇ ಓಟ್ಸ್ ತಿಂದು ಏಳನೆಯ ತಿಂಗಳು ಜಾಮೂನಿನ ಡಬ್ಬಿಗೆ ಕೈ ಹಾಕುತ್ತಾರಲ್ಲ, ಇಲ್ಲಿ ಹಾಗಿಲ್ಲ. ಬೇಸರ ಬರುವಷ್ಟರಲ್ಲಿ ನಿಯಮವೇ ಬದಲಾಗಿ ಕಳೆದ ತಿಂಗಳು ಬಿಟ್ಟದ್ದು ಎಲೆಗೆ ವಾಪಸು ಬಂದಿರುತ್ತದೆ. ಶಾಕವ್ರತದ ತಿಂಗಳಲ್ಲಿ ಮೆಣಸಿನಕಾಯಿಯ ಬದಲು ಕಾಳುಮೆಣಸು, ಹುಣಸೆಯ ಬದಲು ಒಣಮಾವಿನಕಾಯಿ ಹಾಕಿ ಮಾಡುವ ಸಾರನ್ನು ವ್ರತವಿಲ್ಲದ ನಾನು ಎರಡು ಸಲ ಬಡಿಸಿಕೊಂಡವನು. ಯಾರೂ ಅಲ್ಲಿ ಬದನೆಕಾಯಿಯನ್ನು ನೆನೆಸಿಕೊಂಡು ಇಂದ್ರಿಯನಿಗ್ರಹ ಮಾಡುತ್ತಾ ಕೂತಿರುವುದಿಲ್ಲ. ಬದನೆಕಾಯಿ ಮನೆಯೊಳಗೇ ಬಂದಿರುವುದಿಲ್ಲ, ಅಷ್ಟೆ.

ಬಿಡುವ ವಿದ್ಯೆಯ ಬಗ್ಗೆ ಚರಕಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯದಲ್ಲಿ ಒಂದು ಲೆಕ್ಕಾಚಾರವಿದೆ. ಕೆಟ್ಟ ರೂಢಿಯನ್ನು ಒಮ್ಮೆಲೇ ಕಿತ್ತೆಸೆಯಬೇಡ, ಕಾಲುಭಾಗ ಬಿಡು, ಆ ಜಾಗಕ್ಕೆ ಒಳ್ಳೆಯದನ್ನು ಕಾಲುಭಾಗ ಸೇರಿಸು, ನಡುವೆ ಒಂದೆರಡು ಮೂರು ದಿನ ಬಿಡುವು ಕೊಟ್ಟು ಮತ್ತೆ ಕಾಲುಭಾಗ. ಹೀಗೆ ಕ್ರಮವಾಗಿ ಹೋದ ದೋಷ ಮರಳಿ ಬರುವುದಿಲ್ಲ ಎಂದು ಅಭಿಪ್ರಾಯ. ನಮ್ಮ ಚಿಕ್ಕಮ್ಮ ಚರಕನನ್ನು ಓದಿದವರಲ್ಲ. ಚಿಕ್ಕಪ್ಪನಿಗೆ ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಅಂದಾಗಲೆಲ್ಲ ಅವರು ಮನೆಗೆ ಬಂದು 'ಇವತ್ತಿಂದ ಸಕ್ಕರೆ ಬಂದ್' ಎಂದು ಘೋಷಿಸುವುದು, ಎರಡು ದಿನ ಮುಖ ಊದಿಸಿಕೊಂಡು ಕೂರುವುದು, ಮೂರನೆಯ ದಿನ 'ಸ್ವಲ್ಪ ಪೋಸ್ಟಾಫೀಸಿಗೆ ಹೋಗಿ ಬರ್ತೀನಿ' ಎಂದು ಹೋಟೆಲಿನಲ್ಲಿ ಸ್ಟ್ರಾಂಗ್ ಕಾಫಿ ಕುಡಿದು ಬರುವುದು, ಇದೇ ನಡೆದಿತ್ತು. ಚಿಕ್ಕಮ್ಮ ಒಂದು ದಿನ ಉಪದೇಶ ನಿಲ್ಲಿಸಿದರು. ಎರಡು ಚಮಚ ಸಕ್ಕರೆ ಹಾಕುವ ಲೋಟಕ್ಕೆ ಒಂದು ಮುಕ್ಕಾಲು ಹಾಕಿದರು. ಹಬ್ಬ ಕಳೆಯಿತು; ಒಂದೂವರೆ ಆಯಿತು. ಮಳೆಗಾಲ ಬಂತು, ಒಂದು. ಡಿಕಾಕ್ಷನ್ ಮಾತ್ರ ಗಟ್ಟಿಯಾಗುತ್ತಾ ಹೋಯಿತು. ಚಿಕ್ಕಪ್ಪ ಪೇಪರು ಓದುತ್ತಾ ಕುಡಿದು ಲೋಟ ಕೆಳಗಿಡುತ್ತಿದ್ದರು.

ಮುಂದಿನ ವರ್ಷ ಒಂದು ಮದುವೆಮನೆಯಲ್ಲಿ ಕಾಫಿಯ ಮೊದಲ ಗುಟುಕಿಗೇ ಚಿಕ್ಕಪ್ಪ ಮುಖ ಹಿಂಡಿದರು. 'ಇದೇನೇ ಇದು, ಕಾಫಿನೋ ಪಾಯಸಾನೋ?'

'ಎಲ್ಲರ ಮನೆ ಕಾಫೀನೂ ಹೀಗೇರೀ ಇರೋದು' ಎಂದು ಚಿಕ್ಕಮ್ಮ ಆ ಕಡೆ ತಿರುಗಿಕೊಂಡರು.

ಈಗ ನೆಂಟರಿಷ್ಟರ ನಡುವೆ ಕೂತಾಗ ಮನಸ್ಸು ಮಾಡಿದರೆ ಏನನ್ನು ಬೇಕಾದರೂ ಬಿಡಬಹುದು ಎಂದು ಚಿಕ್ಕಪ್ಪ ಭಾಷಣ ಮಾಡುತ್ತಾರೆ. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಮನೆಯವರಿಗೆ ವಹಿಸುವುದು ಬೇಡವೆಂದು ಕೈಗೆ ಗಡಿಯಾರ ಕಟ್ಟಿಕೊಂಡವರ ಪಾಡು ಇನ್ನೊಂದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ! ನಮ್ಮ ಅತ್ತಿಗೆ ರಾತ್ರಿ ಹತ್ತಕ್ಕೆ ಟಿವಿಯಿಂದ ತುಳಸಿಕಟ್ಟೆಗೆ, ತುಳಸಿಕಟ್ಟೆಯಿಂದ ಟಿವಿಗೆ ಓಡಾಡುತ್ತಿರುತ್ತಾರೆ. ಕಾಲು ನೋವಾದ ದಿನ ಗಡಿಯಾರವನ್ನು ಮೊಮ್ಮಗನ ಕೈಗೆ ಕಟ್ಟುತ್ತಾರೆ, ಆ ಹುಡುಗ ಕಾಲು ಗಂಟೆಯಲ್ಲಿ ಗುರಿ ದಾಟಿಸಿಬಿಡುತ್ತಾನೆ. ಆ ಹತ್ತು ಸಾವಿರವನ್ನು ಯಾವ ವೈದ್ಯನೂ ಕೂತು ಎಣಿಸಿದ್ದಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ ಆ ಅಂಕಿ ಇತ್ತು. ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನದಲ್ಲಿ ಲಾಭ ಏರುತ್ತಾ ಹೋಗಿ ಸುಮಾರು 7,500 ಹೆಜ್ಜೆಯ ಹೊತ್ತಿಗೆ ನಿಂತುಬಿಟ್ಟಿತ್ತು. ಇದನ್ನು ಅತ್ತಿಗೆಗೆ ಹೇಳಿದೆ. ಉಳಿದ ಎರಡೂವರೆ ಸಾವಿರವನ್ನು ನಾಳೆಯ ಲೆಕ್ಕಕ್ಕೆ ಹಾಕಿಕೊಳ್ಳಬಹುದೇ ಎಂದು ಕೇಳಿದರು.

ಲಾಲ್‌ಬಾಗಿನ ಬೆಳಗಿನ ಗುಂಪುಗಳಿಗೆ ಈ ತಾಪತ್ರಯವಿಲ್ಲ. ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಪಕ್ಕ ನಿಂತು ಕಪಾಲಭಾತಿ ಮಾಡುವವರು, ಗುಂಪುಗೂಡಿ ಬಲವಂತವಾಗಿ ಹಾ ಹಾ ಎಂದು ನಗುವವರು, ಕೆರೆಯ ಸುತ್ತ ಜಮೀನಿನ ದರ ಮಾತಾಡುತ್ತಾ ನಡೆಯುವವರು. ಒಂದು ದಿನ ಬರದಿದ್ದರೆ ಏಳಕ್ಕೆ ಫೋನು: 'ಯಾಕ್ರೀ ರಾಯರೇ, ಹುಷಾರಿಲ್ವೇ?' ಆ ಫೋನಿಗೆ ಉತ್ತರ ಹೇಳುವುದಕ್ಕಿಂತ ಎದ್ದು ಹೋಗುವುದೇ ಸುಲಭ. ಸುತ್ತು ಮುಗಿದ ಮೇಲೆ ಗೇಟಿನಾಚೆ ಇಡ್ಲಿ ವಡೆ. ನಡೆದು ಕರಗಿಸಿದ್ದನ್ನೆಲ್ಲ ಚಟ್ನಿಯಲ್ಲಿ ಅದ್ದಿ ವಾಪಸು ತೆಗೆದುಕೊಳ್ಳುತ್ತಾರೆ ಎಂದು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಇಡ್ಲಿ ಇಲ್ಲದಿದ್ದರೆ ಆ ಗುಂಪು ಒಂದೇ ಮಳೆಗಾಲಕ್ಕೆ ಚದುರಿಹೋಗುತ್ತಿತ್ತು. ಹುಮ್ಮಸ್ಸು ಬಂದ ಮೇಲೆ ಹೊರಡೋಣ ಎಂದು ಕಾದು ಕೂತವರನ್ನು ನಾನು ಲಾಲ್‌ಬಾಗಿನಲ್ಲಿ ನೋಡಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ಅದು ಬಂದು ಸೇರಿಕೊಳ್ಳುತ್ತದೆ ಎಂದು ಅಲ್ಲಿಯವರಿಗೆ ಗೊತ್ತು.

ಇನ್ನೊಂದು ತಕರಾರು ನನಗಿದೆ. ಒಳ್ಳೆಯ ಅಭ್ಯಾಸ ಅಂದಕೂಡಲೇ ಬೆವರು, ಸೌತೆಕಾಯಿ, ಬೇಗ ಏಳುವುದು, ಇಷ್ಟೇ ನೆನಪಿಗೆ ಬರುವುದೇಕೆ? ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದ ಮನೆಯಿಂದ ಸಂಜೆ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟು ಆಡುತ್ತಿದ್ದರು. ಅದೂ ವ್ರತವೇ. 'ಚಿಕವೀರ ರಾಜೇಂದ್ರ' ಬರೆದವರು, 1983ರ ಜ್ಞಾನಪೀಠ ಪಡೆದವರು ಎಲೆ ಕಲಸುತ್ತಾ ಕೂರುವುದರಿಂದ ಸಾಹಿತ್ಯಕ್ಕೆ ಏನಾದರೂ ಕಡಿಮೆ ಬಿತ್ತೇ? ತೊಂಬತ್ತೈದು ತುಂಬಿದ ದಿನವೇ, ಹುಟ್ಟಿದ ಜೂನ್ 6ರಂದೇ, ತೀರಿಕೊಂಡರು. ಅವರ ಬದುಕಿನ ಅಚ್ಚುಕಟ್ಟು ಅಷ್ಟರ ಮಟ್ಟಿನದು. ಉಪಯೋಗಕ್ಕೆ ಬಾರದ ಒಂದಾದರೂ ಅಭ್ಯಾಸ ದಿನದಲ್ಲಿ ಇಲ್ಲದಿದ್ದರೆ ಉಪಯೋಗದ ಅಭ್ಯಾಸಗಳು ಮನುಷ್ಯನನ್ನು ತಿಂದುಹಾಕುತ್ತವೆ ಎಂದು ನನ್ನ ಗುಮಾನಿ.

ನಮ್ಮ ಅಜ್ಜಿಯ ರಾಮಕೋಟಿಯನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗೆ ತಿಳಿಯದು. ಸಣ್ಣ ಸಣ್ಣ ಚೌಕಗಳಿರುವ ಆ ಪುಸ್ತಕ, ಕೆಂಪು ಶಾಯಿಯ ಪೆನ್ನು. ಮಧ್ಯಾಹ್ನದ ಊಟವಾಗಿ ಎಲೆಅಡಿಕೆ ಹಾಕಿಕೊಂಡ ಮೇಲೆ ಕಂಬಕ್ಕೆ ಒರಗಿ ಬರೆಯಲು ಕೂರುತ್ತಿದ್ದರು. ದಿನಕ್ಕೆ ಸಾವಿರ ರಾಮನಾಮ ಬರೆದರೂ ಕೋಟಿ ಮುಟ್ಟಲು ಇಪ್ಪತ್ತೇಳು ವರ್ಷ ಬೇಕು. ಅಜ್ಜಿ ಹಿಡಿದದ್ದು ಅರವತ್ತು ದಾಟಿದ ಮೇಲೆ, ಅದೂ ದಿನಕ್ಕೆ ಸಾವಿರವಲ್ಲ. ಮುಗಿಯುವುದಿಲ್ಲ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಭಕ್ತಿಯಲ್ಲಿ ಮುಳುಗಿಹೋಗಿದ್ದರೇ ಎಂದರೆ ಅದೂ ಇಲ್ಲ. ಕೈ ರಾಮ ರಾಮ ಎಂದು ಬರೆಯುತ್ತಿತ್ತು, ಬಾಯಿ ಪಕ್ಕದ ಮನೆ ಸೊಸೆಯ ತವರಿನ ವಿಚಾರ ಮಾತಾಡುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಓಣಿಯ ಮೂರು ನಾಲ್ಕು ಹೆಂಗಸರು ಬಂದು ಸೇರುತ್ತಿದ್ದರು, ಒಬ್ಬರು ಹೂ ಕಟ್ಟಲು, ಒಬ್ಬರು ಬತ್ತಿ ಹೊಸೆಯಲು. ರಾಮನ ನೆಪದಲ್ಲಿ ಮಾತೋ, ಮಾತಿನ ನೆಪದಲ್ಲಿ ರಾಮನೋ, ಅಂತೂ ಪುಸ್ತಕಗಳು ತುಂಬುತ್ತಾ ಹೋದವು.

ಅದೇ ಧೈರ್ಯದ ಮೇಲೆ ಈಗ ನಮ್ಮ ಬೀದಿಯಲ್ಲಿ ಕುಮಾರವ್ಯಾಸ ಭಾರತದ ವಾಚನ ಶುರುವಾಗಿದೆ. ನಿವೃತ್ತ ಮೇಷ್ಟ್ರೊಬ್ಬರು ಓದುತ್ತಾರೆ, ಬ್ಯಾಂಕಿನಲ್ಲಿದ್ದ ಮೇಡಂ ಒಬ್ಬರು ಅರ್ಥ ಹೇಳುತ್ತಾರೆ. ಶನಿವಾರ ಸಂಜೆ, ಸರದಿಯ ಮೇಲೆ ಒಬ್ಬೊಬ್ಬರ ಮನೆ, ಕೊನೆಗೆ ಉಪ್ಪಿಟ್ಟು ಕಾಫಿ. ಹತ್ತು ಪರ್ವ, ಎಂಟು ಸಾವಿರಕ್ಕೂ ಮೀರಿದ ಷಟ್ಪದಿಗಳು. ವಾರಕ್ಕೆ ಐವತ್ತರಂತೆ ಹೋದರೆ ಮೂರು ವರ್ಷ ದಾಟುತ್ತದೆ ಎಂದು ಮೊದಲ ದಿನವೇ ಮೇಷ್ಟ್ರು ಲೆಕ್ಕ ಒಪ್ಪಿಸಿದರು. ಪದ್ಯಕ್ಕಿಂತ ಉಪ್ಪಿಟ್ಟಿಗೆ ಬರುವವರು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಅನ್ನುವುದಿಲ್ಲ. ಅವರಲ್ಲೇ ಇಬ್ಬರು ಈಗ ಪದ್ಯ ಮುಗಿಯುವ ಮುಂಚೆಯೇ ಕೊನೆಯ ಸಾಲಿಗೆ ತಲೆದೂಗುತ್ತಾರೆ. ಅರಣ್ಯಪರ್ವ ಮುಗಿಯಿತು, ಬರುವ ಶನಿವಾರದಿಂದ ವಿರಾಟಪರ್ವ. ಅದನ್ನು ಓದಿಸಿದರೆ ಮಳೆ ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಮಳೆ ಬಂದರೆ ಬೆಂಗಳೂರಿನಲ್ಲಿ ಯಾರು ಮನೆಯಿಂದ ಹೊರಡುತ್ತಾರೆ ಎಂದು ಒಬ್ಬರು ಹಿಂದಿನ ಸಾಲಿನಿಂದ ಮೆತ್ತಗೆ ಸಂಶಯ ತೆಗೆದರು. ಛತ್ರಿ ತನ್ನಿ, ರಜೆ ಇಲ್ಲ ಎಂದು ಮೇಷ್ಟ್ರು ಪುಸ್ತಕ ಮಡಚಿದರು. ಉಪ್ಪಿಟ್ಟಿನ ಸರದಿ ನಮ್ಮ ಮನೆಯದು.